ಟೆಕ್ಸಾಸ್ ಹೌಸ್‌ಗೆ ನಿಂತ ಕನ್ಸರ್ವೇಟಿವ್ ಅಭ್ಯರ್ಥಿ ಏನು ಹೇಳುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಾಸ್ ಹೌಸ್ ಎಂದರೆ ಇಲ್ಲಿನ ರಾಜ್ಯ ಶಾಸನಸಭೆಯ ಕೆಳಮನೆ. ಅದರ ಚುನಾವಣೆಯ ವರ್ಷ ಫೆಬ್ರವರಿ ಬಂತೆಂದರೆ ನಮ್ಮ ಟಪಾಲು ಡಬ್ಬಿ ತುಂಬಿಹೋಗುತ್ತದೆ. ದಪ್ಪ, ನುಣ್ಣನೆಯ ಕಾಗದದ ಫ್ಲೈಯರ್‌ಗಳು. ಒಂದು ಬದಿಯಲ್ಲಿ ಅಭ್ಯರ್ಥಿ, ಹೆಂಡತಿ, ಮಕ್ಕಳು, ನಾಯಿ. ಇನ್ನೊಂದು ಬದಿಯಲ್ಲಿ ನಾಲ್ಕೈದು ಸಾಲು. ತೆರಿಗೆ ಇಳಿಸುತ್ತೇನೆ, ಗಡಿ ಕಾಯುತ್ತೇನೆ, ತಂದೆತಾಯಿಯ ಹಕ್ಕು ಉಳಿಸುತ್ತೇನೆ, ಗನ್ ಹಕ್ಕು ಬಿಡುವುದಿಲ್ಲ. ಡಲ್ಲಾಸ್‌ನ ಉತ್ತರಕ್ಕೆ, ಪ್ಲೇನೋ, ಫ್ರಿಸ್ಕೋ ಕಡೆ ಕನ್ನಡದವರ ಮನೆಗಳು ಬೇಕಾದಷ್ಟಿವೆ. ಹೊಸದಾಗಿ ಸಿಟಿಜನ್ ಆದ ಗೆಳೆಯರು ಈ ಫ್ಲೈಯರ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕುತ್ತಾರೆ. "ಇದೇನಪ್ಪಾ, ಎಲ್ಲರೂ ಒಂದೇ ಹೇಳ್ತಿದಾರಲ್ಲ?"

ಅದೇ ಉತ್ತರ ಹತ್ತು ಸಲ ಟೈಪ್ ಮಾಡಿ ಬೆರಳು ಸೋತಿತು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಯಾರಿಗೆ ವೋಟು ಹಾಕಬೇಕು ಎಂದು ಇಲ್ಲಿ ಹೇಳುವುದಿಲ್ಲ. ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ. ಫ್ಲೈಯರ್ ಮೇಲಿನ ಸಾಲುಗಳ ಹಿಂದೆ ಏನಿದೆ ಎಂದಷ್ಟೇ ಹೇಳುತ್ತೇನೆ.

ಇದು ನಮ್ಮ ಎಂಎಲ್‌ಎ ಎಲೆಕ್ಷನ್ ಥರಾನಾ?

ಹೆಚ್ಚುಕಡಿಮೆ ಹೌದು. ನಮ್ಮ ವಿಧಾನಸಭೆಯಲ್ಲಿ 224 ಸೀಟು, ಇಲ್ಲಿನ ಹೌಸ್‌ನಲ್ಲಿ 150. ಮೇಲ್ಮನೆಯಾದ ಸೆನೆಟ್‌ನಲ್ಲಿ 31. 2020ರ ಜನಗಣತಿಯ ಲೆಕ್ಕದಲ್ಲಿ ಒಬ್ಬ ಹೌಸ್ ಸದಸ್ಯನಿಗೆ ಸುಮಾರು 1.94 ಲಕ್ಷ ಜನ.

ಹೋಲಿಕೆ ಅಲ್ಲಿಗೆ ಮುಗಿಯಿತು. ಹೌಸ್ ಸದಸ್ಯರ ಅವಧಿ ಎರಡೇ ವರ್ಷ. ಗೆದ್ದು ಕೂತು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಪ್ರಚಾರ. ಅಧಿವೇಶನ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಲ್ಲಿ, ಹೆಚ್ಚೆಂದರೆ 140 ದಿನ. ಮುಂದಿನದು 2027ರ ಜನವರಿ 12ಕ್ಕೆ ಶುರುವಾಗುತ್ತದೆ. ಗವರ್ನರ್ ಬೇಕೆಂದಾಗ ವಿಶೇಷ ಅಧಿವೇಶನ ಕರೆಯಬಹುದು, ಕರೆಯುತ್ತಲೂ ಇರುತ್ತಾರೆ.

ಸಂಬಳ ಕೇಳಿದರೆ ನಗು ಬರುತ್ತದೆ. ತಿಂಗಳಿಗೆ 600 ಡಾಲರ್. ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ ಇದೆ ಅನ್ನಿ. ಆದರೂ ಇದರಲ್ಲಿ ಯಾರೂ ಸಂಸಾರ ನಡೆಸಲಾರರು. ಹಾಗಾಗಿ ವಕೀಲರು, ಬಿಸಿನೆಸ್ ಇರುವವರು, ರಿಟೈರ್ ಆದವರೇ ಜಾಸ್ತಿ. ಕನ್ಸರ್ವೇಟಿವ್ ಅಭ್ಯರ್ಥಿಗಳಿಗೆ ಈ ವ್ಯವಸ್ಥೆ ಇಷ್ಟ. ಕಡಿಮೆ ದಿನ ಕೂತರೆ ಕಡಿಮೆ ಕಾನೂನು ಮಾಡುತ್ತಾರೆ ಎನ್ನುವುದು ಅವರ ವಾದ.

ಟಿಕೆಟ್ ಯಾರು ಕೊಡುತ್ತಾರೆ?

ಇಲ್ಲಿ ಬಿ ಫಾರಂ ಇಲ್ಲ. ಹೈಕಮಾಂಡ್ ಇಲ್ಲ. ದೆಹಲಿಗೆ ವಿಮಾನ ಹತ್ತುವ ಗೋಜಿಲ್ಲ. ಫೀಸ್ ಕಟ್ಟಿ ಯಾರು ಬೇಕಾದರೂ ಪಕ್ಷದ ಪ್ರೈಮರಿಯಲ್ಲಿ ನಿಲ್ಲಬಹುದು. ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. 2026ರಲ್ಲಿ ಪ್ರೈಮರಿಯ ದಿನ ಮಾರ್ಚ್ 3. ಯಾರಿಗೂ ಅರ್ಧಕ್ಕಿಂತ ಜಾಸ್ತಿ ವೋಟು ಬರದ ಕಡೆ ಮೊದಲ ಇಬ್ಬರ ನಡುವೆ ಮೇ 26ಕ್ಕೆ ರನಾಫ್. ಕೊನೆಯ ಚುನಾವಣೆ ನವೆಂಬರ್ 3.

ಟೆಕ್ಸಾಸ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ಬರೆಸಬೇಕಿಲ್ಲ. ಪ್ರೈಮರಿ ದಿನ ಮತಗಟ್ಟೆಗೆ ಹೋಗಿ "ರಿಪಬ್ಲಿಕನ್" ಅಥವಾ "ಡೆಮಾಕ್ರಟಿಕ್" ಎಂದರೆ ಆ ಬ್ಯಾಲಟ್ ಕೊಡುತ್ತಾರೆ. ಎರಡರಲ್ಲಿ ಒಂದು ಮಾತ್ರ.

ಇದು ಯಾಕೆ ಮುಖ್ಯ ಗೊತ್ತಾ? 2024ರ ಚುನಾವಣೆ ಮುಗಿದಾಗ ಹೌಸ್‌ನಲ್ಲಿ ಕನ್ಸರ್ವೇಟಿವ್‌ಗಳ ಪಕ್ಷವಾದ ರಿಪಬ್ಲಿಕನ್ನರು 88, ಡೆಮಾಕ್ರಟರು 62. ಹೆಚ್ಚಿನ ಕ್ಷೇತ್ರಗಳು ಯಾವುದಾದರೊಂದು ಪಕ್ಷದ ಭದ್ರಕೋಟೆ. ಅಂಥ ಕಡೆ ನವೆಂಬರ್ ಬರೀ ಶಾಸ್ತ್ರ. ನಿಜವಾದ ಜಗಳ ಮಾರ್ಚ್‌ನಲ್ಲೇ ಮುಗಿದಿರುತ್ತದೆ. ರಿಪಬ್ಲಿಕನ್ ಕೋಟೆಗಳಲ್ಲಿ ಆ ಜಗಳ ಕನ್ಸರ್ವೇಟಿವ್ ಮತ್ತು ಲಿಬರಲ್ ನಡುವೆ ಅಲ್ಲ, ಒಬ್ಬ ಕನ್ಸರ್ವೇಟಿವ್ ಮತ್ತು ಇನ್ನೊಬ್ಬ ಕನ್ಸರ್ವೇಟಿವ್ ನಡುವೆ. ಅದಕ್ಕೇ ಎಲ್ಲ ಫ್ಲೈಯರ್‌ಗಳೂ ಒಂದೇ ಥರ ಕಾಣುತ್ತವೆ.

ಕನ್ಸರ್ವೇಟಿವ್ ಅಂದರೆ ಸಂಪ್ರದಾಯವಾದಿ ಅಂತಾನಾ?

ಪತ್ರಿಕೆಗಳು ಹಾಗೇ ಬರೆಯುತ್ತವೆ. ಆದರೆ ಕನ್ನಡದಲ್ಲಿ ಸಂಪ್ರದಾಯವಾದಿ ಎಂದರೆ ಮಡಿ, ಮೈಲಿಗೆ, ಪಂಚಾಂಗ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಆ ಪದದೊಳಗೆ ಮೂರು ಥರದ ಜನ ಇದ್ದಾರೆ. ತೆರಿಗೆ ಕಡಿಮೆ ಇರಲಿ, ಸರ್ಕಾರ ದೂರ ಇರಲಿ ಎನ್ನುವವರು ಒಂದು. ಚರ್ಚು, ಕುಟುಂಬ, ಗರ್ಭಪಾತದ ವಿಷಯಗಳೇ ಮುಖ್ಯ ಎನ್ನುವವರು ಇನ್ನೊಂದು. ಗಡಿ, ವಲಸೆ, ಪೊಲೀಸ್ ಎನ್ನುವವರು ಮತ್ತೊಂದು. ಫ್ಲೈಯರ್ ಮೇಲೆ ಮೂರೂ ಸೇರಿ ಒಂದೇ ಪದ. ರಾಜಧಾನಿ ಆಸ್ಟಿನ್‌ನಲ್ಲಿ ವೋಟು ಹಾಕುವಾಗ ಮಾತ್ರ ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಾರೆ.

ಪ್ರಾಪರ್ಟಿ ಟ್ಯಾಕ್ಸ್ ಇಳಿಸುತ್ತೇನೆ ಎನ್ನುತ್ತಾರೆ. ನಿಜವಾಗಿ ಇಳಿಯುತ್ತದಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. 2019ರ ನವೆಂಬರ್‌ನಲ್ಲಿ ಜನ ವೋಟು ಹಾಕಿ ಸಂವಿಧಾನದಲ್ಲೇ ಅದನ್ನು ನಿಷೇಧಿಸಿದರು. ಆದರೆ ಶಾಲೆ, ರಸ್ತೆ, ಪೊಲೀಸಿಗೆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ಅದು ಬರುವುದು ನಮ್ಮ ಮನೆಯ ಮೇಲಿನ ಕಂದಾಯದಿಂದ. ಊರಲ್ಲಿ ವರ್ಷಕ್ಕೊಮ್ಮೆ ಕಟ್ಟುವ ಕಂದಾಯ ನೆನಪಿಸಿಕೊಂಡು ಇಲ್ಲಿ ಮನೆ ಕೊಂಡವರು ಮೊದಲ ಬಿಲ್ ನೋಡಿ ಕುರ್ಚಿ ಹುಡುಕುತ್ತಾರೆ. ನಾನೂ ಹುಡುಕಿದ್ದೆ.

ಗಮನಿಸಬೇಕಾದ್ದು ಏನೆಂದರೆ, ಈ ಬಿಲ್ ಹಾಕುವುದು ರಾಜ್ಯ ಅಲ್ಲ. ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಅಪ್ರೈಸಲ್ ಡಿಸ್ಟ್ರಿಕ್ಟ್ ಮನೆಯ ಬೆಲೆ ಕಟ್ಟುತ್ತದೆ. ಶಾಲಾ ಜಿಲ್ಲೆ, ಸಿಟಿ, ಕೌಂಟಿ, ಕಾಲೇಜು ಜಿಲ್ಲೆ ತಮ್ಮ ತಮ್ಮ ದರ ಹಾಕುತ್ತವೆ. ಹೌಸ್ ಸದಸ್ಯ ಮಾಡಬಹುದಾದ್ದು ಮೂರೇ. ವಿನಾಯಿತಿ ಹೆಚ್ಚಿಸಬಹುದು. ಊರಿನವರು ದರ ಏರಿಸದಂತೆ ಮಿತಿ ಹಾಕಬಹುದು. ರಾಜ್ಯದ ಖಜಾನೆಯಿಂದ ಶಾಲೆಗಳಿಗೆ ದುಡ್ಡು ಕೊಟ್ಟು ಶಾಲೆಯ ದರ ಇಳಿಸಬಹುದು.

ಮೂರನ್ನೂ ಮಾಡಿದ್ದಾರೆ. 2019ರ ಕಾನೂನಿನ ಪ್ರಕಾರ ಸಿಟಿ, ಕೌಂಟಿಗಳು ಇರುವ ಆಸ್ತಿಗಳಿಂದ ಬರುವ ಆದಾಯವನ್ನು ಶೇ. 3.5ಕ್ಕಿಂತ ಹೆಚ್ಚು ಏರಿಸಬೇಕಾದರೆ ಜನರ ವೋಟು ಬೇಕು. ನಾವೇ ವಾಸವಿರುವ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಯನ್ನು 2023ರಲ್ಲಿ 40,000ದಿಂದ ಒಂದು ಲಕ್ಷ ಡಾಲರ್‌ಗೆ ಏರಿಸಿದರು. 2025ರ ನವೆಂಬರ್‌ನಲ್ಲಿ ಅದು 1,40,000 ಆಯಿತು.

ಒಂದು ಲೆಕ್ಕ ಹಾಕಿ ನೋಡಿ. ಮನೆಗೆ 5,00,000 ಡಾಲರ್ ಬೆಲೆ ಕಟ್ಟಿದ್ದಾರೆ, ಶಾಲೆಯ ದರ ನೂರು ಡಾಲರ್‌ಗೆ ಒಂದು ಡಾಲರ್ ಎಂದುಕೊಳ್ಳಿ. ವಿನಾಯಿತಿ ಇಲ್ಲದಿದ್ದರೆ 5,000 ಡಾಲರ್. 1,40,000 ಕಳೆದರೆ ಉಳಿಯುವುದು 3,60,000, ತೆರಿಗೆ 3,600. ಅಂದರೆ 1,400 ಉಳಿತಾಯ. ಕಡಿಮೆ ಏನಲ್ಲ. ಆದರೆ ಈ ವಿನಾಯಿತಿ ಶಾಲೆಯ ತೆರಿಗೆಗೆ ಮಾತ್ರ. ಸಿಟಿ, ಕೌಂಟಿಯ ಸಾಲುಗಳು ಬೇರೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ನೇರವಾಗಿ ಏನೂ ಸಿಗುವುದಿಲ್ಲ. ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟವರಿಗೂ ಇಲ್ಲ.

ಈಗ ಕೆಲವು ಅಭ್ಯರ್ಥಿಗಳು "ಇಳಿಸುತ್ತೇನೆ" ಬಿಟ್ಟು "ತೆಗೆದೇ ಹಾಕುತ್ತೇನೆ" ಎನ್ನುತ್ತಿದ್ದಾರೆ. ಅಂಥವರನ್ನು ಒಂದೇ ಪ್ರಶ್ನೆ ಕೇಳಿ: ಆ ದುಡ್ಡು ಎಲ್ಲಿಂದ? ಉಳಿದ ದೊಡ್ಡ ದಾರಿ ಸೇಲ್ಸ್ ಟ್ಯಾಕ್ಸ್. ಅದು ಈಗಾಗಲೇ ರಾಜ್ಯದ್ದು ಶೇ. 6.25, ಊರಿನದು ಸೇರಿ ಶೇ. 8.25ರ ತನಕ. ಅಕ್ಕಿ, ಬೇಳೆ, ತರಕಾರಿಗೆ ಈಗ ತೆರಿಗೆ ಇಲ್ಲ. ಅದಕ್ಕೂ ಹಾಕುತ್ತೀರಾ ಎಂದು ಕೇಳಿದರೆ ಮಾತು ಸ್ವಲ್ಪ ತಡವರಿಸುತ್ತದೆ. ಉತ್ತರ ಕೊಡುವವರೂ ಇದ್ದಾರೆ: ರಾಜ್ಯಕ್ಕೆ ಬರುವ ಹೆಚ್ಚುವರಿ ಹಣವನ್ನೆಲ್ಲ ಇದಕ್ಕೇ ಹಾಕುತ್ತಾ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸುತ್ತೇವೆ ಎನ್ನುತ್ತಾರೆ. ಹೆಚ್ಚುವರಿ ಇಲ್ಲದ ವರ್ಷ ಏನು ಮಾಡುವುದು ಎನ್ನುವುದು ಮುಂದಿನ ಪ್ರಶ್ನೆ.

ರಾಬಿನ್ ಹುಡ್ ಅಂತಾರಲ್ಲ, ಅದೇನು?

1993ರ ಕಾನೂನು. ಆಸ್ತಿ ಬೆಲೆ ಜಾಸ್ತಿ ಇರುವ ಶಾಲಾ ಜಿಲ್ಲೆಗಳ ತೆರಿಗೆಯ ಒಂದು ಪಾಲನ್ನು ಬಡ ಜಿಲ್ಲೆಗಳಿಗೆ ಹಂಚಲು ರಾಜ್ಯ ತೆಗೆದುಕೊಳ್ಳುತ್ತದೆ. ಪ್ಲೇನೋದಂಥ ಜಿಲ್ಲೆಗಳು ವರ್ಷವರ್ಷ ಕಟ್ಟುತ್ತಾ ಬಂದಿವೆ. ನಮ್ಮ ಕಡೆಯ ಅಭ್ಯರ್ಥಿಗಳು ಇದನ್ನು ಬೈಯುತ್ತಾರೆ. ಗ್ರಾಮಾಂತರದ ಅಭ್ಯರ್ಥಿಗಳು, ಅದೇ ಪಕ್ಷದವರೇ, ತುಟಿ ಬಿಚ್ಚುವುದಿಲ್ಲ.

ಸ್ಕೂಲ್ ಚಾಯ್ಸ್, ವೌಚರ್ ಅಂದರೆ ಏನು? ನಮ್ಮ ಮಕ್ಕಳಿಗೆ ಸಿಗುತ್ತದಾ?

ಪಬ್ಲಿಕ್ ಶಾಲೆ ಬೇಡ ಎನ್ನುವ ತಂದೆತಾಯಿಗೆ ಪ್ರೈವೇಟ್ ಶಾಲೆಯ ಫೀಸಿಗೆ ಸರ್ಕಾರದ ದುಡ್ಡು. ಕನ್ಸರ್ವೇಟಿವ್ ವಾದ ಸರಳ: ತೆರಿಗೆ ಕಟ್ಟಿದವರು ನೀವು, ಮಗು ನಿಮ್ಮದು, ಶಾಲೆ ಆರಿಸುವ ಹಕ್ಕೂ ನಿಮ್ಮದೇ. ಎದುರು ವಾದವೂ ಸರಳ: ಪಬ್ಲಿಕ್ ಶಾಲೆಗೇ ದುಡ್ಡು ಸಾಲದಿರುವಾಗ ಹೊರಗೆ ಕೊಡುವುದು ಏಕೆ?

ಕತೆ ಸ್ವಾರಸ್ಯವಾಗಿರುವುದು ಇಲ್ಲಿಂದ ಮುಂದೆ. 2023ರ ನವೆಂಬರ್‌ನಲ್ಲಿ ಹೌಸ್ ಇದನ್ನು 84–63ರಲ್ಲಿ ಹೊಡೆದುಹಾಕಿತು. ಹೊಡೆದವರಲ್ಲಿ 21 ಜನ ರಿಪಬ್ಲಿಕನ್ನರೇ. ಅವರಲ್ಲಿ ಬಹಳ ಜನ ಹಳ್ಳಿ ಕಡೆಯವರು. ಅವರ ಊರುಗಳಲ್ಲಿ ಪ್ರೈವೇಟ್ ಶಾಲೆಯೇ ಇಲ್ಲ. ಪಬ್ಲಿಕ್ ಶಾಲೆಯೇ ಊರಿನ ದೊಡ್ಡ ಉದ್ಯೋಗದಾತ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಎಂದರೆ ಊರ ಜಾತ್ರೆ. ಅಂಥ ಶಾಲೆಯ ಅನ್ನಕ್ಕೆ ಕಲ್ಲು ಹಾಕಲು ಅವರು ಒಪ್ಪಲಿಲ್ಲ.

ಗವರ್ನರ್ ಗ್ರೆಗ್ ಅಬಟ್ ಸುಮ್ಮನಿರಲಿಲ್ಲ. 2024ರ ಪ್ರೈಮರಿಯಲ್ಲಿ ತಮ್ಮದೇ ಪಕ್ಷದ ಆ ಸದಸ್ಯರ ವಿರುದ್ಧ ಪ್ರಚಾರಕ್ಕೆ ಇಳಿದರು. ಹಲವರು ಸೋತರು. 2025ರಲ್ಲಿ ಅದೇ ಯೋಜನೆ ಪಾಸಾಯಿತು, ಮೇ 3ಕ್ಕೆ ಸಹಿ ಬಿತ್ತು. ಮೊದಲಿಗೆ ನೂರು ಕೋಟಿ ಡಾಲರ್ ಇಟ್ಟಿದ್ದಾರೆ. 2026–27ರ ಶಾಲಾ ವರ್ಷದಿಂದ ಜಾರಿ. ಪ್ರೈವೇಟ್ ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ 10,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ, ಅಂಗವೈಕಲ್ಯ ಇರುವ ಮಕ್ಕಳಿಗೆ 30,000ದ ತನಕ, ಮನೆಯಲ್ಲೇ ಓದುವವರಿಗೆ 2,000ದ ತನಕ. ಅರ್ಜಿಗಳು ಜಾಸ್ತಿ ಬಂದರೆ ಅಂಗವೈಕಲ್ಯ ಇರುವ ಮಕ್ಕಳಿಗೆ ಮತ್ತು ಕಡಿಮೆ ಆದಾಯದವರಿಗೆ ಮೊದಲ ಪಾಳಿ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿ ದುಡಿಯುವ ಮನೆಯವರು ಸಾಲಿನ ತುದಿಯಲ್ಲಿ ನಿಂತಿರಬೇಕಾಗುತ್ತದೆ.

ಹಾಗಾದರೆ ಪಬ್ಲಿಕ್ ಶಾಲೆಯ ಬಗ್ಗೆ ಏನು ಹೇಳುತ್ತಾರೆ ಎಂದೂ ಕೇಳಬೇಕು. ಒಂದು ಮಗುವಿಗೆ ರಾಜ್ಯ ಕೊಡುವ ಮೂಲ ಮೊತ್ತ 2019ರಿಂದ 6,160 ಡಾಲರ್‌ನಲ್ಲೇ ನಿಂತಿತ್ತು. 2025ರಲ್ಲಿ ಅದಕ್ಕೆ ಸೇರಿದ್ದು 55 ಡಾಲರ್. ಇದನ್ನು ಹೇಳಿ ನಕ್ಕುಬಿಡುವುದೂ ಸರಿಯಲ್ಲ, ಏಕೆಂದರೆ ಅದೇ ಮಸೂದೆಯಲ್ಲಿ ಶಿಕ್ಷಕರ ಸಂಬಳ, ವಿಶೇಷ ಶಿಕ್ಷಣ ಎಲ್ಲ ಸೇರಿ ಸುಮಾರು 850 ಕೋಟಿ ಡಾಲರ್ ಕೊಟ್ಟರು. ಅಭ್ಯರ್ಥಿ 850 ಕೋಟಿ ಎನ್ನುತ್ತಾರೆ, ಎದುರಾಳಿ 55 ಡಾಲರ್ ಎನ್ನುತ್ತಾರೆ. ಎರಡೂ ನಿಜ.

"ತಂದೆತಾಯಿಯ ಹಕ್ಕು" ಅಂದರೆ?

ಶಾಲೆಯಲ್ಲಿ ಏನು ಕಲಿಸುತ್ತಾರೆ, ಲೈಬ್ರರಿಯಲ್ಲಿ ಯಾವ ಪುಸ್ತಕ ಇದೆ, ಲಿಂಗ ಮತ್ತು ಲೈಂಗಿಕತೆಯ ವಿಷಯ ತರಗತಿಗೆ ಬರಬೇಕಾ ಎನ್ನುವ ಜಗಳ. 2025ರಲ್ಲಿ ಈ ಬಗ್ಗೆ ಒಂದು ದೊಡ್ಡ ಕಾನೂನು ಆಯಿತು. ಅದೇ ವರ್ಷ ಪಬ್ಲಿಕ್ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್‌ನ ಹತ್ತು ಆಜ್ಞೆಗಳ ಪೋಸ್ಟರ್ ಹಾಕಬೇಕೆಂಬ ಕಾನೂನೂ ಬಂತು. ಅಳತೆಯನ್ನೂ ಬರೆದಿದ್ದಾರೆ, ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ. ಅದು ಕೋರ್ಟು ಹತ್ತಿತು. ನಮ್ಮ ಗೆಳೆಯರಲ್ಲೇ ಮೊದಲ ಕಾನೂನಿಗೆ ತಲೆದೂಗಿದವರು ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದ್ದನ್ನು ನೋಡಿದ್ದೇನೆ. ಮನೆಯಲ್ಲಿ ಸಂಕ್ರಾಂತಿ ಎಳ್ಳು ಬೀರುವ ಮಗು ಆ ಪೋಸ್ಟರ್ ಎದುರು ಗಣಿತ ಕಲಿಯುತ್ತದೆ. ಯಾವ ತಂದೆತಾಯಿಯ ಹಕ್ಕು ಎಂದು ಅಭ್ಯರ್ಥಿಯನ್ನು ಕೇಳಲು ಇದೇ ಸರಿಯಾದ ಜಾಗ.

ಶಾಲೆಯಲ್ಲಿ ಫೋನ್ ನಿಷೇಧವೂ 2025ರದ್ದೇ. ಅದಕ್ಕೆ ಮಾತ್ರ ಎರಡೂ ಪಕ್ಷದ ಅಮ್ಮಂದಿರು ಚಪ್ಪಾಳೆ ಹೊಡೆದರು.

ಗಡಿ, ವಲಸೆ ಅಂತ ಹೇಳುತ್ತಾರೆ. ನಮ್ಮ ಎಚ್-1ಬಿಗೆ ತೊಂದರೆ ಆಗುತ್ತದಾ?

ವೀಸಾ ಕೊಡುವುದು, ಗ್ರೀನ್ ಕಾರ್ಡ್ ಸಾಲು ಚುರುಕು ಮಾಡುವುದು ವಾಷಿಂಗ್ಟನ್ ಕೆಲಸ. ಹೌಸ್ ಅಭ್ಯರ್ಥಿ ಎಚ್-1ಬಿ ಬಗ್ಗೆ ಏನು ಹೇಳಿದರೂ ಆ ಕೀಲಿ ಅವರ ಕೈಯಲ್ಲಿ ಇಲ್ಲ. ಅವರು ಹೇಗೆ ಮಾತಾಡುತ್ತಾರೆ ಎನ್ನುವುದರಿಂದ ಮನಸ್ಸು ತಿಳಿಯುತ್ತದೆ, ಅಷ್ಟೆ.

ಗಡಿಯ ವಿಷಯದಲ್ಲಿ ಮಾತ್ರ ರಾಜ್ಯ ತುಂಬ ಕೈ ಹಾಕಿದೆ. 2021ರಲ್ಲಿ ಶುರುವಾದ ರಾಜ್ಯದ ಗಡಿ ಕಾವಲು ಕಾರ್ಯಾಚರಣೆ ಆಪರೇಷನ್ ಲೋನ್ ಸ್ಟಾರ್‌ಗೆ 1,100 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿದಿದೆ. 2023ರಲ್ಲಿ ಅಕ್ರಮವಾಗಿ ಗಡಿ ದಾಟುವುದನ್ನು ರಾಜ್ಯದ ಅಪರಾಧವನ್ನಾಗಿ ಮಾಡುವ ಎಸ್‌ಬಿ 4 (ಎಸ್‌ಬಿ ಎಂದರೆ ಸೆನೆಟ್ ಮಸೂದೆ) ಪಾಸಾಯಿತು. ಅದರ ಪಾಡು ನೋಡಿ. 2024ರ ಫೆಬ್ರವರಿಯಲ್ಲಿ ಕೋರ್ಟು ತಡೆಯಿತು. ಮಾರ್ಚ್ 19ಕ್ಕೆ ಸುಪ್ರೀಂ ಕೋರ್ಟು ದಾರಿ ಬಿಟ್ಟಿತು. ಅದೇ ರಾತ್ರಿ ಕೆಳಗಿನ ಮೇಲ್ಮನವಿ ಕೋರ್ಟು ಮತ್ತೆ ತಡೆಯಿತು. ಆ ಸಲ ಅದು ಬದುಕಿದ್ದು ಕೆಲವೇ ಗಂಟೆ. ವಲಸೆ ಫೆಡರಲ್ ಸರ್ಕಾರದ್ದಾ, ರಾಜ್ಯದ್ದಾ ಎನ್ನುವುದೇ ಜಗಳ.

ಇನ್ನೊಂದು ಗಾಬರಿ 2025ರಲ್ಲಿ ವಾಟ್ಸಾಪ್‌ನಲ್ಲಿ ಓಡಾಡಿತ್ತು: "ಟೆಕ್ಸಾಸ್‌ನಲ್ಲಿ ವಿದೇಶಿಯರು ಮನೆ ಕೊಳ್ಳುವ ಹಾಗಿಲ್ಲ." ಆ ಕಾನೂನು ಇರುವುದು ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾ ದೇಶಗಳಿಗೆ. ಭಾರತ ಆ ಪಟ್ಟಿಯಲ್ಲಿ ಇಲ್ಲ.

ಗನ್ ಬಗ್ಗೆ ನಿಲುವು?

ಒಂದೇ ಸಾಲು: ಸೆಕೆಂಡ್ ಅಮೆಂಡ್‌ಮೆಂಟ್, ಅಂದರೆ ಗನ್ ಹಕ್ಕು ಕೊಡುವ ಅಮೆರಿಕದ ಸಂವಿಧಾನದ ತಿದ್ದುಪಡಿ, ಮುಟ್ಟುವುದಿಲ್ಲ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರೂ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು.

ಆದರೆ ಈ ಒಂದು ಸಾಲು ಎಷ್ಟು ಬಿಗಿ ಎನ್ನುವುದಕ್ಕೆ ಒಬ್ಬರ ಕತೆ ಹೇಳುತ್ತೇನೆ. 2022ರ ಮೇ 24ಕ್ಕೆ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಕೊಂದವನಿಗೆ 18 ವರ್ಷ. ಮರುವರ್ಷ, ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ ಹೌಸ್‌ನ ಸಮಿತಿಯಲ್ಲಿ 8–5ರಲ್ಲಿ ಪಾಸಾಯಿತು. ಪರ ವೋಟು ಹಾಕಿದ ಇಬ್ಬರು ರಿಪಬ್ಲಿಕನ್ನರಲ್ಲಿ ಒಬ್ಬರು ಡಲ್ಲಾಸ್ ಪಕ್ಕದ ರಾಕ್‌ವಾಲ್‌ನ ಜಸ್ಟಿನ್ ಹಾಲಂಡ್. ಮಸೂದೆ ಅಲ್ಲಿಂದ ಮುಂದೆ ಹೋಗಲಿಲ್ಲ. ಹಾಲಂಡ್ ವೌಚರ್‌ಗೂ ಅಡ್ಡ ನಿಂತಿದ್ದರು. ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ವಿರುದ್ಧ 2023ರಲ್ಲಿ ಹೌಸ್ ಮಾಡಿದ ಮಹಾಭಿಯೋಗಕ್ಕೂ ಹೌದು ಎಂದಿದ್ದರು. ಮೂರೂ ಸೇರಿತು. 2024ರ ಮೇ ರನಾಫ್‌ನಲ್ಲಿ ಸೋತರು. ಫ್ಲೈಯರ್ ಮೇಲೆ ಅವರೂ ಕನ್ಸರ್ವೇಟಿವ್, ಅವರನ್ನು ಸೋಲಿಸಿದವರೂ ಕನ್ಸರ್ವೇಟಿವ್.

ಗರ್ಭಪಾತ?

ಹೆಚ್ಚಿನ ಫ್ಲೈಯರ್‌ಗಳಲ್ಲಿ "ಪ್ರೋ-ಲೈಫ್", ಅಂದರೆ ಗರ್ಭಪಾತಕ್ಕೆ ವಿರೋಧ, ಎಂದಷ್ಟೇ ಇರುತ್ತದೆ. ಈಗಿರುವ ಕಾನೂನು ತಿಳಿದಿರಬೇಕು. 2021ರ ಎಸ್‌ಬಿ 8 ಪ್ರಕಾರ ಭ್ರೂಣದ ಹೃದಯ ಬಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರಕ್ಕೆ, ಗರ್ಭಪಾತ ನಿಷಿದ್ಧ. ಮಾಡಿದವರ, ಸಹಾಯ ಮಾಡಿದವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. 2022ರ ಜೂನ್ 24ಕ್ಕೆ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ಕೊಟ್ಟಿದ್ದ ತನ್ನ ಹಳೆಯ ತೀರ್ಪನ್ನು ಬದಲಿಸಿದ ಮೇಲೆ, ಅದೇ ಆಗಸ್ಟ್ 25ರಿಂದ ಹೆಚ್ಚುಕಡಿಮೆ ಪೂರ್ತಿ ನಿಷೇಧ. ತಾಯಿಯ ಪ್ರಾಣಕ್ಕೆ ಅಪಾಯ ಇದ್ದರೆ ಅಥವಾ ದೇಹಕ್ಕೆ ದೊಡ್ಡ ಹಾನಿ ಆಗುವಂತಿದ್ದರೆ ಮಾತ್ರ ಅವಕಾಶ. ಅತ್ಯಾಚಾರಕ್ಕೆ ವಿನಾಯಿತಿ ಇಲ್ಲ.

ಡಾಕ್ಟರ್‌ಗಳು ಜೈಲಿಗೆ ಹೆದರಿ ಚಿಕಿತ್ಸೆ ತಡ ಮಾಡುತ್ತಿದ್ದಾರೆ ಎಂಬ ದೂರು ಜೋರಾಯಿತು. 2025ರಲ್ಲಿ ಎಸ್‌ಬಿ 31 ಆ ವಿನಾಯಿತಿಯನ್ನು ಬಿಡಿಸಿ ಹೇಳಿತು, ಎರಡೂ ಪಕ್ಷದವರು ವೋಟು ಹಾಕಿದರು. ಆದ್ದರಿಂದ ಈಗ "ನೀವು ಪ್ರೋ-ಲೈಫಾ?" ಎಂದು ಕೇಳಿ ಉಪಯೋಗ ಇಲ್ಲ. "ಎಸ್‌ಬಿ 31 ಸಾಕಾ, ಜಾಸ್ತಿ ಆಯಿತಾ, ಕಡಿಮೆ ಆಯಿತಾ?" ಎಂದು ಕೇಳಿ. ಆಗ ಗೊತ್ತಾಗುತ್ತದೆ.

ಕರೆಂಟ್ ಬಗ್ಗೆ ಯಾಕೆ ಅಷ್ಟು ಮಾತಾಡುತ್ತಾರೆ?

2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಇಲ್ಲಿದ್ದವರು ಈ ಪ್ರಶ್ನೆ ಕೇಳುವುದಿಲ್ಲ. ಮನೆಯೊಳಗೆ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಮಕ್ಕಳಿಗೆ ಎರಡು ಸ್ವೆಟರ್, ಮೇಲೆ ಜಾಕೆಟ್. ಗ್ಯಾಸ್ ಒಲೆ ಇದ್ದ ನಮ್ಮ ಮನೆಗೆ ಪಕ್ಕದ ಎರಡು ಮನೆಯವರು ಬಂದಿದ್ದರು, ಮೂರು ದಿನ ಬಿಸಿ ಸಾರು, ಅನ್ನ. 45 ಲಕ್ಷ ಮನೆಗಳಿಗೆ ಕರೆಂಟ್ ಹೋಗಿತ್ತು. ರಾಜ್ಯದ ಲೆಕ್ಕದಲ್ಲೇ ಸತ್ತವರು 246.

ಟೆಕ್ಸಾಸ್‌ನ ಬಹುಪಾಲು ತನ್ನದೇ ಗ್ರಿಡ್‌ನಲ್ಲಿದೆ. ಅದನ್ನು ನಡೆಸುವುದು ಎರ್ಕಾಟ್. ಅಕ್ಕಪಕ್ಕದ ರಾಜ್ಯಗಳಿಂದ ಹೆಚ್ಚು ಕರೆಂಟ್ ಎರವಲು ತರುವಂತಿಲ್ಲ. ಫೆಡರಲ್ ನಿಯಂತ್ರಣ ಬೇಡ ಎನ್ನುವುದೇ ಅದರ ಮೂಲ. ಆ ವಾರ ಕೆಲವು ಅಭ್ಯರ್ಥಿಗಳು ಗಾಳಿಯಂತ್ರಗಳನ್ನು ಬೈದರು. ಗಾಳಿಯಂತ್ರಗಳೂ ಹೆಪ್ಪುಗಟ್ಟಿದವು, ನಿಜ. ಆದರೆ ಎಲ್ಲಕ್ಕಿಂತ ಹೆಚ್ಚು ಕೈಕೊಟ್ಟದ್ದು ನೈಸರ್ಗಿಕ ಅನಿಲ. ಆಮೇಲೆ ಸ್ಥಾವರಗಳನ್ನು ಚಳಿಗೆ ಸಜ್ಜು ಮಾಡುವ ಕಾನೂನು ಬಂತು. 2023ರಲ್ಲಿ ಮುಖ್ಯವಾಗಿ ಅನಿಲ ಸ್ಥಾವರಗಳಿಗೆ ಸಾಲ ಕೊಡಲು 500 ಕೋಟಿ ಡಾಲರ್ ನಿಧಿ ಇಟ್ಟರು.

ತಮಾಷೆ ಎಂದರೆ ಅಮೆರಿಕದಲ್ಲಿ ಗಾಳಿಯಿಂದ ಅತಿ ಹೆಚ್ಚು ಕರೆಂಟ್ ಮಾಡುವ ರಾಜ್ಯ ಇದೇ. ಅದಕ್ಕೆ ಅಡಿಪಾಯ ಹಾಕಿದ್ದು 1999ರಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಬುಷ್ ಸಹಿ ಮಾಡಿದ ಕಾನೂನು. 2025ರಲ್ಲಿ ಗಾಳಿ, ಸೌರಶಕ್ತಿಗೆ ಕಡಿವಾಣ ಹಾಕುವ ಮಸೂದೆಗಳನ್ನು ಸೆನೆಟ್ ಪಾಸು ಮಾಡಿತು. ಹೌಸ್‌ನಲ್ಲಿ ಅವು ಸತ್ತವು. ಪಶ್ಚಿಮ ಟೆಕ್ಸಾಸ್‌ನ ರೈತನಿಗೆ ಹೊಲದಲ್ಲಿ ನಿಂತ ಗಾಳಿಯಂತ್ರದಿಂದ ಬಾಡಿಗೆ ಬರುತ್ತದೆ. ಅವನೂ ಕನ್ಸರ್ವೇಟಿವ್‌ಗೇ ವೋಟು ಹಾಕುವವನು.

"ಲೋಕಲ್ ಕಂಟ್ರೋಲ್" ಪರ ಅಂತಾರೆ. ಹಾಗಂದರೆ ಊರಿನ ಮಾತೇ ನಡೆಯುತ್ತದಾ?

ವಾಷಿಂಗ್ಟನ್ ಎದುರು ನಿಂತಾಗ ಹೌದು. ಊರಿನ ಎದುರು ನಿಂತಾಗ ಹಾಗೇನಿಲ್ಲ. ನಮ್ಮಿಂದ ಗಂಟೆಯೊಳಗಿನ ದಾರಿ, ಡೆಂಟನ್. 2014ರ ನವೆಂಬರ್‌ನಲ್ಲಿ ಆ ಊರಿನವರು ವೋಟು ಹಾಕಿ ಊರೊಳಗೆ ಫ್ರಾಕಿಂಗ್ (ನೆಲದಡಿಯ ಬಂಡೆ ಒಡೆದು ತೈಲ, ಅನಿಲ ತೆಗೆಯುವುದು) ನಿಷೇಧಿಸಿದರು. ಮರುವರ್ಷವೇ ಆಸ್ಟಿನ್‌ನಲ್ಲಿ ಎಚ್‌ಬಿ 40 (ಹೌಸ್ ಮಸೂದೆ) ಪಾಸಾಯಿತು. ಊರಿನ ನಿಷೇಧ ನೀರಲ್ಲಿ ಹೋಮ. 2023ರಲ್ಲಿ ಇನ್ನೂ ದೊಡ್ಡ ಕಾನೂನು ಬಂತು: ಹಲವು ವಿಷಯಗಳಲ್ಲಿ ರಾಜ್ಯದ ಕಾನೂನು ಮೀರಿ ಸಿಟಿಗಳು ನಿಯಮ ಮಾಡುವಂತಿಲ್ಲ. ಬಿಸಿನೆಸ್‌ಗೆ ಊರಿಗೊಂದು ನಿಯಮ ಇದ್ದರೆ ಕಷ್ಟ ಎಂಬುದು ಅವರ ಸಮರ್ಥನೆ.

2025ರ ಎಸ್‌ಬಿ 15 ಇದೇ ಜಾಡಿನದು. ದೊಡ್ಡ ಸಿಟಿಗಳ ಹೊಸ ಬಡಾವಣೆಗಳಲ್ಲಿ 3,000 ಚದರಡಿಯ ಸೈಟಿಗೂ ಅವಕಾಶ ಕೊಡಬೇಕು. ನಮ್ಮ ಲೆಕ್ಕದಲ್ಲಿ 40–60 ಸೈಟಿಗಿಂತ ಸ್ವಲ್ಪ ದೊಡ್ಡದು. ಬೆಂಗಳೂರಲ್ಲಿ 30–40ರಲ್ಲಿ ಬೆಳೆದ ನನಗೆ ಇದು ಚಿಕ್ಕದು ಎಂದು ಗಲಾಟೆ ಮಾಡುವವರನ್ನು ನೋಡಿದರೆ ಆಶ್ಚರ್ಯ. ನಿಮ್ಮ ಅಭ್ಯರ್ಥಿ ಜಮೀನು ಮಾಲೀಕನ ಹಕ್ಕಿನ ಪರವಾ, ಬೇಡ ಎನ್ನುವ ನೆರೆಯವರ ಪರವಾ? ಎರಡೂ ಕನ್ಸರ್ವೇಟಿವ್ ನಿಲುವೇ.

ಫ್ಲೈಯರ್‌ನಲ್ಲಿ ಇಲ್ಲದ ವಿಷಯ ಏನಾದರೂ ಇದೆಯಾ?

ಇದೆ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್ ವಿಸ್ತರಿಸದ 10 ರಾಜ್ಯಗಳಲ್ಲಿ ಟೆಕ್ಸಾಸ್ ಒಂದು. ಕ್ಯಾಸಿನೋ ಇನ್ನೊಂದು. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು, ಹೌಸ್‌ನಲ್ಲಿ 100, ಸೆನೆಟ್‌ನಲ್ಲಿ 21 ವೋಟು, ಆಮೇಲೆ ಜನರ ವೋಟು. ಗಾಂಜಾ ಅಂಶದ ಟಿಎಚ್‌ಸಿ ಮಾಲು ಮತ್ತೊಂದು. ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಪಟ್ಟು ಹಿಡಿದು ನಿಷೇಧ ಪಾಸು ಮಾಡಿಸಿದರು. 2025ರ ಜೂನ್‌ನಲ್ಲಿ ಗವರ್ನರ್ ಅಬಟ್ ಅದನ್ನು ವೀಟೋ ಮಾಡಿದರು. ಒಂದೇ ಪಕ್ಷ, ಇಬ್ಬರು ಘಟಾನುಘಟಿಗಳು.

ಸ್ಪೀಕರ್ ಯಾರು ಎನ್ನುವುದೂ ಎಲೆಕ್ಷನ್ ವಿಷಯವಾ?

ರಿಪಬ್ಲಿಕನ್ ಪ್ರೈಮರಿಯಲ್ಲಿ ಬಹಳ ದೊಡ್ಡ ವಿಷಯ. 2025ರ ಜನವರಿಯಲ್ಲಿ ಡಸ್ಟಿನ್ ಬರೋಸ್ 85 ವೋಟು ಪಡೆದು ಸ್ಪೀಕರ್ ಆದರು. ಅದರಲ್ಲಿ 49 ಡೆಮಾಕ್ರಟರದು, 36 ಮಾತ್ರ ಸ್ವಂತ ಪಕ್ಷದವರದು. ಆ 36 ಜನರ ಬೆನ್ನು ಹತ್ತಿದವರು ಇದ್ದಾರೆ. "ಹೆಸರಿಗೆ ಮಾತ್ರ ರಿಪಬ್ಲಿಕನ್" ಎಂಬ ಬೈಗುಳ ಫ್ಲೈಯರ್‌ನಲ್ಲಿ ಕಂಡರೆ ಬಹಳ ಸಲ ಮೂಲ ಇದೇ.

ಹೇಳಿದ್ದನ್ನು ಮಾಡಿದ್ದಾರಾ ಎಂದು ನೋಡುವುದು ಹೇಗೆ?

ಹಾಲಿ ಸದಸ್ಯರಾದರೆ ಸುಲಭ. ಶಾಸನಸಭೆಯ ವೆಬ್‌ಸೈಟಿನಲ್ಲಿ ಮಸೂದೆಯ ನಂಬರ್ ಹಾಕಿದರೆ ಯಾರು ಹೌದು, ಯಾರು ಇಲ್ಲ ಎಂದು ಸಿಗುತ್ತದೆ. ಹೊಸಬರಾದರೆ ದುಡ್ಡಿನ ಜಾಡು ಹಿಡಿಯಿರಿ. ಟೆಕ್ಸಾಸ್‌ನಲ್ಲಿ ಶಾಸಕ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಎಷ್ಟು ಬೇಕಾದರೂ ದೇಣಿಗೆ ಕೊಡಬಹುದು, ಮಿತಿ ಇಲ್ಲ. ಆದರೆ ಲೆಕ್ಕ ಎಥಿಕ್ಸ್ ಕಮಿಷನ್‌ಗೆ ಕೊಡಬೇಕು, ಅದನ್ನು ನಾವೂ ನೋಡಬಹುದು. ಮನೆಮನೆಗೆ ಬಂದು ಹತ್ತು, ಇಪ್ಪತ್ತು ಡಾಲರ್ ಕೂಡಿಸಿದವರೂ ಸಿಗುತ್ತಾರೆ. ಮುಕ್ಕಾಲು ದುಡ್ಡು ಒಬ್ಬರದೇ ಚೆಕ್ಕಿನಿಂದ ಬಂದವರೂ ಸಿಗುತ್ತಾರೆ.

ಗ್ರೀನ್ ಕಾರ್ಡ್ ಇದೆ. ಪ್ರೈಮರಿಯಲ್ಲಾದರೂ ವೋಟು ಹಾಕಬಹುದಾ?

ಬೇಡವೇ ಬೇಡ. ಸಿಟಿಜನ್ ಅಲ್ಲದವರು ವೋಟು ಹಾಕುವುದು ಅಪರಾಧ, ಗಡೀಪಾರಿಗೂ ದಾರಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ "ಮತದಾರರ ಪಟ್ಟಿಗೆ ಸೇರಿಸಲಾ?" ಎಂದು ಕೇಳುವ ಕಡೆ ಸುಮ್ನೆ ಟಿಕ್ ಹಾಕಬೇಡಿ. ಸಿಟಿಜನ್ ಆಗಿದ್ದರೆ ಚುನಾವಣೆಗೆ 30 ದಿನ ಮೊದಲು ಹೆಸರು ಸೇರಿಸಿರಬೇಕು, ಫೋಟೋ ಇರುವ ಗುರುತಿನ ಚೀಟಿ ಒಯ್ಯಬೇಕು.

ನಮ್ಮ ಅಂಗಳದಲ್ಲಿ ಅಭ್ಯರ್ಥಿಯ ಬೋರ್ಡ್ ನೆಟ್ಟರೆ ಎಚ್‌ಒಎಯವರು (ಬಡಾವಣೆಯ ಮನೆಮಾಲೀಕರ ಸಂಘದವರು) ಸುಮ್ಮನಿರುತ್ತಾರಾ?

ಇರಲೇಬೇಕು. ಚುನಾವಣೆಗೆ 90 ದಿನ ಮೊದಲಿನಿಂದ 10 ದಿನ ಆಮೇಲಿನ ತನಕ ಅವರು ತಡೆಯುವಂತಿಲ್ಲ, ರಾಜ್ಯದ ಕಾನೂನೇ ಹಾಗಿದೆ. ಒಬ್ಬ ಅಭ್ಯರ್ಥಿಗೆ ಒಂದೇ ಬೋರ್ಡ್, ನಾಲ್ಕಡಿ–ಆರಡಿಗಿಂತ ದೊಡ್ಡದು ಬೇಡ, ನೆಲದಲ್ಲಿ ನೆಡಬೇಕು ಎಂಬ ನಿಯಮಗಳನ್ನು ಅವರು ಹಾಕಬಹುದು. 11ನೇ ದಿನಕ್ಕೆ ಮಾತ್ರ ತಪ್ಪದೆ ಪತ್ರ ಬರುತ್ತದೆ. ನನಗೆ ಬಂದಿದೆ. ನನ್ನ ಅಭ್ಯರ್ಥಿ ಸೋತೂ ಇದ್ದರು.